ಕೋಳಿ ಕಚ್ಚಾತೋರಾ: ಟೊಮೆಟೊ ಬೇಕೇ ಬೇಕೆ? ವೈನ್ ಇಲ್ಲದೆ ಆಗುತ್ತದೆಯೆ?

ಭಾನುವಾರದಡುಗೆ:

ಬರುವ ಭಾನುವಾರ ರಾತ್ರಿ ಅತ್ತೆ, ಮಾವ, ನಾದಿನಿ ಮತ್ತು ಅವಳ ಗಂಡ ಊಟಕ್ಕೆ ಬರುತ್ತಾರೆ. ನಾವಿಬ್ಬರೂ ಸೇರಿ ಆರು ಮಂದಿ. ಇಟಲಿಯ ಹಳ್ಳಿಗಾಡಿನ ಅಡುಗೆಯಾದ ಪೊಲ್ಲೊ ಅಲ್ಲಾ ಕಚ್ಚಾತೋರಾ, ಅಂದರೆ ಬೇಟೆಗಾರರ ಬಗೆಯ ಕೋಳಿ, ಮಾಡಬೇಕೆಂದು ನಿಶ್ಚಯಿಸಿದ್ದೇನೆ. ಆದರೆ ಓದಿದ ವಿಧಾನಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಒಂದರಲ್ಲಿ ಎರಡು ಡಬ್ಬಿ ಟೊಮೆಟೊ, ದೊಣ್ಣೆಮೆಣಸಿನಕಾಯಿ, ಅಣಬೆ ಎಲ್ಲವೂ ಇವೆ. ಇನ್ನೊಂದರಲ್ಲಿ ಹುಡುಕಿದರೂ ಟೊಮೆಟೊ ಇಲ್ಲ. ಇವುಗಳಲ್ಲಿ ಯಾವುದು ನಿಜವಾದದ್ದು?

ಎರಡನೆಯ ಪ್ರಶ್ನೆ ನನಗೆ ಹೆಚ್ಚು ಮುಖ್ಯ. ಮಾವ ಮದ್ಯ ಮುಟ್ಟುವುದಿಲ್ಲ. ಕುದಿಸಿದರೆ ವೈನ್‌ನ ಮದ್ಯವೆಲ್ಲ ಹಾರಿಹೋಗುತ್ತದೆ, ಅವರಿಗೆ ಹೇಳುವ ಅಗತ್ಯವೇ ಇಲ್ಲ ಎಂದು ಒಬ್ಬರು ಸಲಹೆ ಕೊಟ್ಟರು. ನನಗೆ ಅದು ಸರಿಯೆನಿಸಲಿಲ್ಲ. ವೈನ್ ಇಲ್ಲದೆ ಇದನ್ನು ಮಾಡಬಹುದೆ? ಹಿಂದಿನ ದಿನವೇ ಮಾಡಿಡಬಹುದೆ?

ಸಣ್ಣ ಉರಿ:

ನಿಮಗೆ ಸರಿಯೆನಿಸದಿದ್ದುದೇ ಸರಿ. ವೈನ್ ಹಾಕಿ ಒಂದು ಗಂಟೆ ಕುದಿಸಿದರೂ ಮದ್ಯಸಾರದ ಒಂದು ಪಾಲು ಸಾರಿನಲ್ಲಿ ಉಳಿಯುತ್ತದೆ. ಪೂರ್ತಿ ಹಾರಿಹೋಗುತ್ತದೆ ಎಂಬುದು ಬಹಳ ಮಂದಿ ನಂಬಿರುವ ತಪ್ಪು. ಅದು ಹಾಗಿರಲಿ, ಹಿರಿಯರು ತಿನ್ನದ ವಸ್ತುವನ್ನು ಅವರಿಗೆ ತಿಳಿಯದಂತೆ ಬಡಿಸುವ ಊಟ ಊಟವೇ ಅಲ್ಲ. ಅದರ ಅಗತ್ಯವೂ ಇಲ್ಲ, ಏಕೆಂದರೆ ಈ ಅಡುಗೆಗೆ ಒಂದೇ ರೂಪವಿಲ್ಲ. ಮಧ್ಯ ಇಟಲಿಯ ತೊಸ್ಕಾನಾ (ಟಸ್ಕನಿ) ಪ್ರಾಂತ್ಯದಲ್ಲಿ ಕೆಂಪು ವೈನ್ ಮತ್ತು ಟೊಮೆಟೊ ಹಾಕುತ್ತಾರೆ. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯದ ಕಡೆ ಬೆಳ್ಳುಳ್ಳಿ, ರೋಸ್ಮೆರಿ, ವಿನೆಗರ್ ಮತ್ತು ಉಪ್ಪಿನಲ್ಲಿ ಹಾಕಿಟ್ಟ ಆಂಚೊವಿ ಮೀನು ಪ್ರಧಾನ. ಅಲ್ಲಿ ಎಳೆಯ ಕುರಿಮರಿಯ ಮಾಂಸವನ್ನೂ ಹೀಗೆಯೇ ಮಾಡುತ್ತಾರೆ. ನನ್ನ ಮನಸ್ಸು ಸದಾ ಈ ರೋಮ್‌ನ ಬಗೆಗೇ ವಾಲುತ್ತದೆ. ನಿಮ್ಮ ಸಮಸ್ಯೆಗೂ ಅದೇ ಉತ್ತರ.

ವೈನ್ ಇಲ್ಲಿ ಮುಖ್ಯವಾಗಿ ಎರಡು ಕೆಲಸ ಮಾಡುತ್ತದೆ: ಹುಳಿ ಕೊಡುತ್ತದೆ, ತಳಕ್ಕೆ ಅಂಟಿದ ಕಂದು ಪದರವನ್ನು ಬಿಡಿಸಿ ಸಾರಿಗೆ ಸೇರಿಸುತ್ತದೆ. ನೀರು ಬೆರೆಸಿದ ವಿನೆಗರ್ ಎರಡನ್ನೂ ಮಾಡಬಲ್ಲದು. ದ್ರಾಕ್ಷಿಯ ವಿನೆಗರ್ ವೈನ್‌ನಿಂದಲೇ ಆದದ್ದು, ಆದ್ದರಿಂದ ಅದು ಒಪ್ಪಿಗೆಯೇ ಎಂದು ಮಾವನವರನ್ನು ಮೊದಲೇ ಕೇಳಿಬಿಡಿ. ಒಪ್ಪದಿದ್ದರೆ ಬರೀ ನೀರಿನಲ್ಲಿ ಬೇಯಿಸಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ.

ಈಗ ಕೋಳಿ. ಆರು ಮಂದಿಗೆ 1.8 ಕಿಲೊ ತೊಡೆ ಮತ್ತು ಕಾಲಿನ ತುಂಡುಗಳು ಸಾಕು. ಮೂಳೆ ಇರಲಿ, ಚರ್ಮ ಇರಲಿ. ಎದೆಭಾಗ ಬೇಡವೆಂದೇ ನನ್ನ ಸಲಹೆ. ಅದರಲ್ಲಿ ನಾರಿನಂಥ ಅಂಗಾಂಶ ಕಡಿಮೆ, ಹೆಚ್ಚು ಹೊತ್ತು ಬೆಂದರೆ ಒಣಗುತ್ತದೆ. ತೊಡೆಯಲ್ಲಿರುವ ಕೊಲಾಜೆನ್ ಸಣ್ಣ ಉರಿಯಲ್ಲಿ ನಿಧಾನವಾಗಿ ಜೆಲಟಿನ್ ಆಗಿ ಕರಗಿ ಸಾರಿಗೆ ಮೈಕಟ್ಟು ಕೊಡುತ್ತದೆ. ಕೋಳಿ ತಿನ್ನಲು ಸುರಕ್ಷಿತವಾಗುವುದು ಒಳಗೆ 74 ಡಿಗ್ರಿ ಸೆಲ್ಸಿಯಸ್ ತಲುಪಿದಾಗ, ಆದರೆ ತೊಡೆ ರುಚಿಯಾಗುವುದು ಅದನ್ನೂ ದಾಟಿ 85 ಡಿಗ್ರಿಯ ಆಸುಪಾಸಿಗೆ ಹೋದಾಗ.

ಹಿಂದಿನ ರಾತ್ರಿಯೇ ತುಂಡುಗಳಿಗೆ ಸುಮಾರು 18 ಗ್ರಾಂ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನ ಕೆಳಗಿನ ಹಲಗೆಯಲ್ಲಿಡಿ. ಚರ್ಮ ಒಣಗಬೇಕು. ಈ ಅಡುಗೆಯ ಜೀವ ಇರುವುದೇ ಇಲ್ಲಿ, ಟೊಮೆಟೊದಲ್ಲೂ ವೈನ್‌ನಲ್ಲೂ ಅಲ್ಲ. ಒದ್ದೆ ಚರ್ಮ ಬಾಣಲೆಗೆ ಬಿದ್ದರೆ ಬಿಸಿಯೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ, ಕೋಳಿ ಹುರಿಯುವ ಬದಲು ಬೇಯುತ್ತದೆ. ಮೇಲ್ಮೈ ಸುಮಾರು 140 ಡಿಗ್ರಿ ದಾಟಿದರೆ ಮಾತ್ರ ಆ ಕಂದು ಬಣ್ಣ, ಆ ಪರಿಮಳ ಹುಟ್ಟುವುದು.

ಅಗಲವಾದ, ದಪ್ಪ ತಳದ ಸ್ಟೀಲ್ ಅಥವಾ ಎನಾಮೆಲ್ ಪಾತ್ರೆ ತೆಗೆದುಕೊಳ್ಳಿ. ಬರಿಯ ಅಲ್ಯೂಮಿನಿಯಂ ಅಥವಾ ಕಬ್ಬಿಣ ಬೇಡ, ಹುಳಿಯೊಂದಿಗೆ ಸೇರಿ ಲೋಹದ ರುಚಿ ಬಿಡುತ್ತದೆ. ಮೂರು ದೊಡ್ಡ ಚಮಚ ಆಲಿವ್ ಎಣ್ಣೆ ಕಾಯಿಸಿ, ಚರ್ಮದ ಬದಿ ಕೆಳಗಾಗಿ ತುಂಡುಗಳನ್ನು ಒಂದಕ್ಕೊಂದು ತಗುಲದಂತೆ ಇಡಿ. ಎರಡು ಸಲವಾಗಿ ಹುರಿಯಬೇಕಾಗಬಹುದು, ಬೇಸರಿಸಬೇಡಿ. ಎಂಟು ಹತ್ತು ನಿಮಿಷ ಮುಟ್ಟಲೇಬೇಡಿ. ಚರ್ಮ ತಾನಾಗಿಯೇ ತಳ ಬಿಡುತ್ತದೆ, ಆಗ ತಿರುಗಿಸಿ.

ತುಂಡುಗಳನ್ನು ತೆಗೆದಿಟ್ಟು, ಹೆಚ್ಚಿನ ಕೊಬ್ಬು ಚೆಲ್ಲಿ, ಉರಿ ತಗ್ಗಿಸಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ಕಡ್ಡಿ ರೋಸ್ಮೆರಿ, ಸಿಕ್ಕಿದರೆ ಕೆಲವು ಸೇಜ್ ಎಲೆ ಹಾಕಿ. ಬೆಳ್ಳುಳ್ಳಿ ಹೊನ್ನಬಣ್ಣಕ್ಕೆ ಬಂದೊಡನೆ 100 ಮಿಲಿಲೀಟರ್ ವಿನೆಗರ್ ಮತ್ತು ಒಂದು ಲೋಟ ನೀರು ಸುರಿಯಿರಿ. ಆವಿ ಮೂಗಿಗೆ ಹೊಡೆಯುತ್ತದೆ, ಮುಖ ದೂರವಿರಲಿ. ಮರದ ಸೌಟಿನಿಂದ ತಳ ಕೆರೆಯಿರಿ. ಕೋಳಿಯನ್ನು ಮತ್ತೆ ಇಟ್ಟು, ಮುಚ್ಚಳವನ್ನು ಸ್ವಲ್ಪ ಓರೆಮಾಡಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಉರಿಯಲ್ಲಿ 45 ನಿಮಿಷ ಬಿಡಿ. ನಡುವೆ ಒಮ್ಮೆ ತಿರುಗಿಸಿ. ಕೊನೆಯ ಐದು ನಿಮಿಷ ಇರುವಾಗ ನಾಲ್ಕು ಆಂಚೊವಿಗಳನ್ನು ಅರೆದು, ಸಾರಿನ ಒಂದು ಸೌಟಿನಲ್ಲಿ ಕದಡಿ ಸೇರಿಸಿ. ಮೀನಿನ ವಾಸನೆ ಬರುವುದಿಲ್ಲ, ಮಾಂಸದ ರುಚಿಯೇ ಗಾಢವಾಗುತ್ತದೆ. ಕೊನೆಗೆ ಸಾರು ಕೋಳಿಗೆ ಹತ್ತಿಕೊಂಡಿರಬೇಕು, ಅದರಲ್ಲಿ ಕೋಳಿ ತೇಲಬಾರದು.

ಕೆಂಪು ಪಾತ್ರೆ:

ರೋಮ್‌ನ ಬಗೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಟೊಮೆಟೊವನ್ನು ಹೊರಗಿಡಬೇಡಿ. 1891ರಲ್ಲಿ ಫ್ಲಾರೆನ್ಸ್‌ನಲ್ಲಿ ತನ್ನ ಅಡುಗೆ ಪುಸ್ತಕ ಪ್ರಕಟಿಸಿದ ಪೆಲ್ಲೆಗ್ರಿನೊ ಅರ್ತೂಸಿಯೇ ಈ ಕೋಳಿಗೆ ಈರುಳ್ಳಿ, ಕೆಂಪು ವೈನ್ ಮತ್ತು ಟೊಮೆಟೊ ಹೇಳಿದ್ದಾನೆ. ಮೇಜಿನ ಮೇಲೆ ಕೆಂಪು ಸಾರು ಕಂಡರೆ ಊಟಕ್ಕೆ ಕುಳಿತವರ ಮುಖ ಅರಳುತ್ತದೆ, ಅದೂ ಸಣ್ಣ ಸಂಗತಿಯಲ್ಲ.

ನಾನು ಈರುಳ್ಳಿ, ಕ್ಯಾರೆಟ್, ಸೆಲೆರಿ ಮೂರನ್ನೂ ಸಣ್ಣಗೆ ಹೆಚ್ಚಿ, ಕೋಳಿ ಹುರಿದ ಎಣ್ಣೆಯಲ್ಲೇ ಕಾಲು ಗಂಟೆ ಸಣ್ಣ ಉರಿಯಲ್ಲಿ ಬಾಡಿಸುತ್ತೇನೆ. ಇಟಲಿಯವರ ಸೊಫ್ರಿತ್ತೊ ಇದೇ, ಇದಕ್ಕೆ ಅವಸರ ಸಲ್ಲದು. ವೈನ್ ಇಲ್ಲದಿದ್ದರೆ ಟೊಮೆಟೊದ ಹುಳಿಯೇ ಸಾಕು. ಆರು ಮಂದಿಗೆ 400 ಗ್ರಾಂನ ಒಂದೇ ಡಬ್ಬಿ, ಇಡೀ ಹಣ್ಣಿನದು, ಕೈಯಿಂದ ಹಿಸುಕಿ ಹಾಕಿ. ವೆಸುವಿಯಸ್ ಸಮೀಪದ ಸಾರ್ನೊ ಬಯಲಿನಲ್ಲಿ ಬೆಳೆಯುವ ಸ್ಯಾನ್ ಮರ್ಜಾನೊ ತಳಿ ಸಿಕ್ಕಿದರೆ ಒಳ್ಳೆಯದು, ಅದರಲ್ಲಿ ತಿರುಳು ಹೆಚ್ಚು, ಬೀಜ ಕಡಿಮೆ. ಬಡಿಸುವ ಮುಂಚೆ ಒಂದು ಹಿಡಿ ಕಪ್ಪು ಆಲಿವ್. ದೊಣ್ಣೆಮೆಣಸಿನಕಾಯಿ ನನಗೆ ಬೇಡ, ಅದರ ಸಿಹಿ ರೋಸ್ಮೆರಿಯನ್ನು ಮುಚ್ಚಿಹಾಕುತ್ತದೆ.

ಭಾನುವಾರದಡುಗೆ:

ಇಬ್ಬರಿಗೂ ವಂದನೆ. ಮಾವನವರಿಗೆ ಫೋನ್ ಮಾಡಿ ಕೇಳಿದೆ. ವಿನೆಗರ್ ಆಗಬಹುದು ಎಂದರು, ಕೇಳಿದ್ದಕ್ಕೆ ಸಂತೋಷವನ್ನೂ ಪಟ್ಟರು. ಆದ್ದರಿಂದ ರೋಮ್‌ನ ಬಗೆಯೇ. ನಾದಿನಿ ಮೀನು ತಿನ್ನುವುದಿಲ್ಲ, ಆಂಚೊವಿ ಬಿಟ್ಟರೆ ಕೊರತೆಯಾಗುತ್ತದೆಯೆ? ಜೊತೆಗೆ ಬ್ರೆಡ್ಡೋ, ಮೆಕ್ಕೆಜೋಳದ ರವೆಯ ಗಂಜಿಯಾದ ಪೊಲೆಂಟಾವೋ? ಮುಂಚಿನ ದಿನ ಮಾಡಿಡುವ ವಿಷಯವೂ ಉಳಿಯಿತು.

ಸಣ್ಣ ಉರಿ:

ಆಂಚೊವಿ ಬಿಡಿ. ಅದರ ಬದಲು ಒಂದು ದೊಡ್ಡ ಚಮಚ ಕೇಪರ್ ಮೊಗ್ಗನ್ನು ತೊಳೆದು ಹೆಚ್ಚಿ ಹಾಕಿ. ರುಚಿ ಬೇರೆ, ಆದರೆ ಉಪ್ಪು ಹುಳಿಯ ಆ ಚುರುಕು ಸಿಗುತ್ತದೆ.

ಮಾಡಿಡಲು ಧಾರಾಳವಾಗಿ ಬರುತ್ತದೆ, ವಿನೆಗರ್‌ನ ಏರು ಒಂದು ರಾತ್ರಿಯಲ್ಲಿ ತಗ್ಗಿ ಇನ್ನೂ ಹದವಾಗುತ್ತದೆ. ಹಾಗಾದರೆ ಉಪ್ಪು ಸವರುವ ಕೆಲಸ ಶುಕ್ರವಾರ ರಾತ್ರಿಗೆ, ಬೇಯಿಸುವುದು ಶನಿವಾರಕ್ಕೆ. ಬೆಂದ ಮೇಲೆ ಅಗಲ ತಟ್ಟೆಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಭಾನುವಾರ ಮೇಲೆ ಗಟ್ಟಿಯಾದ ಕೊಬ್ಬನ್ನು ಚಮಚದಲ್ಲಿ ತೆಗೆದು, ಸ್ವಲ್ಪ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಳಗಿನವರೆಗೂ ಚೆನ್ನಾಗಿ ಬಿಸಿಮಾಡಿ. ಹಳೆಯ ರೋಸ್ಮೆರಿ ಕಡ್ಡಿ ತೆಗೆದು ಹೊಸದೊಂದು ಹಾಕಿ.

ಪೊಲೆಂಟಾ ಉತ್ತರ ಇಟಲಿಯ ಜೊತೆಗಾರ. ಒಂದು ಪಾಲು ಮೆಕ್ಕೆಜೋಳದ ರವೆಗೆ ನಾಲ್ಕು ಪಾಲು ನೀರು, ಮುಕ್ಕಾಲು ಗಂಟೆ ಕೈಯಾಡಿಸುವುದು. ಅತಿಥಿಗಳು ಬಂದಿರುವಾಗ ನೀವು ಒಲೆಯ ಮುಂದೆ ನಿಲ್ಲುವುದು ಬೇಡ. ದಪ್ಪ ಹೊರಪದರದ ಬ್ರೆಡ್ ತನ್ನಿ. ತೊಸ್ಕಾನಾದ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಉಪ್ಪು ಹುಳಿ ಮುಂದಾಗಿರುವ ಇಂಥ ಸಾರನ್ನು ಅದ್ದಿ ತಿನ್ನಲು ಅಂಥದ್ದು ಬಹಳ ಚೆನ್ನ. ಸಿಗದಿದ್ದರೆ ಇರುವ ಬ್ರೆಡ್ಡಿನ ಉಪ್ಪು ನೋಡಿಕೊಂಡು, ಕೇಪರ್ ಹಾಕುವಾಗ ಕೈ ಸ್ವಲ್ಪ ಹಿಡಿಯಿರಿ.