ಮಳೆ ಹಿಡಿದ ಮೇಲೆ ನೀಲಿ ಕುದುರೆಯ ಕತ್ತು ಗಾಜಿಗೆ ಅಂಟಿದೆ, ಬಿಡಿಸುವುದು ಹೇಗೆ?

ಮಾಳಮಡ್ಡಿ_ಹಂಚಿನಮನೆ:
ಜರ್ಮನ್ ಚಿತ್ರಕಾರ ಫ್ರಾಂಜ್ ಮಾರ್ಕ್‌ನ ‘ದೊಡ್ಡ ನೀಲಿ ಕುದುರೆಗಳು’ ಚಿತ್ರದ ಪ್ರತಿಯನ್ನು ಬೇಸಿಗೆಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ್ದೆ. 24×36 ಇಂಚು, ಕಾಗದದ ಮುದ್ರಣ, ಕಟ್ಟು-ಗಾಜು ಸಮೇತ. ಮೇ ಮುಗಿಯುವವರೆಗೆ ಚೆನ್ನಾಗಿತ್ತು. ಧಾರವಾಡದ ಜಿಟಿಜಿಟಿ ಮಳೆ ಶುರುವಾದದ್ದೇ ತಡ, ಕಾಗದ ಹಪ್ಪಳದಂತೆ ಉಬ್ಬಿತು. ಒಂದು ಕುದುರೆಯ ಕತ್ತು ಗಾಜಿಗೆ ಅಂಟಿ ಅಂಗೈಯಗಲ ಹೊಳೆಯುತ್ತಿದೆ. ಮಾರಿದವರು ‘ವಾತಾವರಣದ ಪರಿಣಾಮ’ ಎಂದು ಕೈತೊಳೆದುಕೊಂಡರು. ಹಿಂದಿನಿಂದ ಇಸ್ತ್ರಿ ಹಾಕಿದರೆ ನೆಟ್ಟಗಾದೀತೇ?

ಕಟ್ಟಿನಂಗಡಿ_ಹುಬ್ಬಳ್ಳಿ:
ಇಸ್ತ್ರಿ ಪೆಟ್ಟಿಗೆಯನ್ನು ದಯವಿಟ್ಟು ಒಳಗಿಡಿ. ಹಿಂಬದಿ ಬಿಚ್ಚಿ ನೋಡಿ: ಕಾಗದವನ್ನು ಯಾವುದಕ್ಕೆ, ಎಷ್ಟು ಕಡೆ ಅಂಟಿಸಿದ್ದಾರೆ? ಯಾವ ಗೋಡೆಗೆ ತೂಗುಹಾಕಿದ್ದೀರಿ?

ಮಾಳಮಡ್ಡಿ_ಹಂಚಿನಮನೆ:
ಹಾರ್ಡ್‌ಬೋರ್ಡಿಗೆ ನಾಲ್ಕೂ ಬದಿ ಕಂದು ಟೇಪು. ಪಡುವಣ ಗೋಡೆ, ಸುಣ್ಣ ಉದುರುತ್ತದೆ.

ಕಟ್ಟಿನಂಗಡಿ_ಹುಬ್ಬಳ್ಳಿ:
ಅಲ್ಲಿಗೆ ರೋಗ ತಿಳಿಯಿತು. ಕಾಗದ ತೇವ ಕುಡಿದರೆ ಹಿಗ್ಗುತ್ತದೆ; ನಾಲ್ಕೂ ಕಡೆ ಹಿಡಿದಿಟ್ಟರೆ ಮುಂದಕ್ಕೆ ಉಬ್ಬದೆ ಇನ್ನೆಲ್ಲಿಗೆ ಹೋಗಬೇಕು? ನಿಮ್ಮದು ಮಳೆ ಬಡಿಯುವ ಗೋಡೆ ಬೇರೆ.

ಟೇಪು ಕತ್ತರಿಸಿ, ಹಿಂಬದಿ ತೆರೆದು, ಒಣಗಿದ ಕೋಣೆಯಲ್ಲಿ ಕೆಲವು ದಿನ ಮಲಗಿಸಿಡಿ. ಗಾಜಿನಿಂದ ಎಳೆಯಬೇಡಿ; ಬಣ್ಣದ ಪದರವೇ ಕಿತ್ತು ಬರುತ್ತದೆ. ತಾನಾಗಿ ಬಿಟ್ಟರೆ ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ಸಮನಾದ ಭಾರ ಹೇರಿ. ಮತ್ತೆ ಕಟ್ಟು ಹಾಕಿಸುವಾಗ ಮೇಲಂಚಿನ ಎರಡು ಕಡೆ ಮಾತ್ರ ತೆಳು ಕಾಗದದ ಪಟ್ಟಿಯಿಂದ ಹಿಡಿಸಿ, ಕೆಳಗೆ ಸ್ವತಂತ್ರವಾಗಿ ಬಿಡಿ. ಗಾಜಿಗೂ ಚಿತ್ರಕ್ಕೂ ನಡುವೆ ಆಮ್ಲರಹಿತ ಮೌಂಟ್ ಬೋರ್ಡು (ಚಿತ್ರ ಕಾಣುವಂತೆ ನಡುವೆ ಕತ್ತರಿಸಿದ ದಪ್ಪ ರಟ್ಟು) ಇರಲೇಬೇಕು. ಕಟ್ಟಿನ ಹಿಂದೆ ಕೆಳಮೂಲೆಗಳಿಗೆ ಬೂಚಿನ ತುಂಡು ಅಂಟಿಸಿದರೆ ಗೋಡೆಯ ನಡುವೆ ಗಾಳಿಯಾಡುತ್ತದೆ. ತೂಗುಹಾಕುವುದು ಒಳಗೋಡೆಗೆ.

ನಿವೃತ್ತ_ಡ್ರಾಯಿಂಗ್_ಮಾಸ್ತರ (ಗದಗ):
ಕಟ್ಟಿನ ಮಾತು ಸರಿ, ಆದರೆ ಚಿತ್ರವೇ ಪೂರ್ತಿ ಬಂದಿಲ್ಲವಲ್ಲ! 1911ರ ಆ ಮೂಲಚಿತ್ರ ಅಮೆರಿಕದ ಮಿನ್ನಿಯಾಪೊಲಿಸ್‌ನ ವಾಕರ್ ಕಲಾಕೇಂದ್ರದಲ್ಲಿದೆ, ಅಳತೆ 105.7×181.1 ಸೆಂ.ಮೀ. ಎತ್ತರ 24 ಇಂಚಾದರೆ ಅಗಲ 41 ಆಗಬೇಕು. ನಿಮಗೆ ಬಂದದ್ದು 36. ಹಿಗ್ಗಿಸಿ ಕುಗ್ಗಿಸಿರದಿದ್ದರೆ ಐದು ಇಂಚು ಕತ್ತರಿಗೆ ಹೋಗಿದೆ. ಕೊಳ್ಳುವ ಮುನ್ನ ಉದ್ದವನ್ನು ಅಗಲದಿಂದ ಭಾಗಿಸಿ ನೋಡುವುದು ಎರಡು ನಿಮಿಷದ ಕೆಲಸ.

ಕೆಲವರು ಕ್ಯಾನ್‌ವಾಸಿನ ಮುದ್ರಣದ ಮೇಲೆ ಪಾರದರ್ಶಕ ಜೆಲ್ ಬಳಿದು ‘ಕುಂಚದ ಸ್ಪರ್ಶ’ ಎಂದು ಹೆಚ್ಚು ಹಣಕ್ಕೆ ಮಾರುತ್ತಾರೆ. ನನಗೆ ಅದನ್ನು ಕಂಡರಾಗದು. ಮಾರ್ಕ್‌ನ ಕುಂಚ ಒಂದು ಕಡೆ ಹೋದರೆ ಜೆಲ್ಲಿನ ಗೆರೆ ಇನ್ನೊಂದು ಕಡೆ.

ಇನ್ನೊಮ್ಮೆ ಕೊಳ್ಳುವುದಾದರೆ ಈ ಅಭಿವ್ಯಕ್ತಿವಾದಿಗಳ, ಅಂದರೆ ಕಂಡದ್ದಕ್ಕಿಂತ ಒಳಗಿನ ಭಾವಕ್ಕೆ ರೂಪ ಕೊಟ್ಟ ಮಾರ್ಕ್‌ನಂಥ ಕಲಾವಿದರ, ಮರದಚ್ಚಿನ ಚಿತ್ರಗಳನ್ನು ನೋಡಿ. ಅವು ಕಾಗದಕ್ಕೆಂದೇ ಹುಟ್ಟಿದವು. ಎಮಿಲ್ ನೋಲ್ಡೆಯ ‘ಪ್ರವಾದಿ’ (1912) ಸುಮಾರು 32×22 ಸೆಂ.ಮೀ. ಅಷ್ಟೇ, ಮೂಲದ ಅಳತೆಯಲ್ಲೇ ಪ್ರತಿ ಸಿಕ್ಕರೆ ಏನೂ ಕುಗ್ಗುವುದಿಲ್ಲ. ಕಪ್ಪು ಮಸಿ, ಹಾಗಾಗಿ ನೀಲಿ ನೇರಳೆಯಾಯಿತೆಂಬ ಗೋಳೂ ಇಲ್ಲ.

ಮಾಳಮಡ್ಡಿ_ಹಂಚಿನಮನೆ:
ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಆರನೇ ದಿನ ಕಾಗದ ತಾನೇ ಬಿಟ್ಟಿತು. ಎಂಟಾಣೆಯಗಲ ನೀಲಿ ಮಾತ್ರ ಗಾಜಿನಲ್ಲೇ ಉಳಿಯಿತು. ಅಳೆದು ನೋಡಿದೆ, ಮಾಸ್ತರರ ಲೆಕ್ಕ ನಿಜ, ಎರಡೂ ಅಂಚು ಹೋಗಿವೆ. ಈಗ ನಡುಮನೆಯ ಒಳಗೋಡೆಯಲ್ಲಿದೆ.

‘ಪ್ರವಾದಿ’ಯನ್ನೂ ತರಿಸಿ ಕಟ್ಟು ಹಾಕಿಸಿದೆ. ಒಂದೇ ತೊಂದರೆ: ಗಡ್ಡದ ಆ ಕಪ್ಪು ಮುಖವನ್ನು ಅಜ್ಜನ ಫೋಟೋದ ಪಕ್ಕ ಹಾಕಿದ್ದೇನೆ. ನಿನ್ನೆ ಬಂದ ಅತ್ತೆ ಚಪ್ಪಲಿ ಬಿಡುತ್ತಲೇ ಕೇಳಿದರು, “ಇವರಿಗ್ಯಾಕೆ ಹಾರ ಹಾಕಿಲ್ಲ?”