ಇಂಗ್ಲೆಂಡಿನ ಡಿಸ್ಟ್ರಿಕ್ಟ್ ಕೌನ್ಸಿಲ್ ಫಲಿತಾಂಶ: ಮತಪತ್ರಕ್ಕಿಂತ ಮತಗಳೇ ಹೆಚ್ಚು, ಇದು ಯಾವ ಲೆಕ್ಕ?

ಕೊಪ್ಪಳ_ಓದುಗ
ಪದವಿ ವಿದ್ಯಾರ್ಥಿಗಳಿಗೆ ಸ್ಥಳೀಯ ಸಂಸ್ಥೆಗಳ ಬಗ್ಗೆ ಟಿಪ್ಪಣಿ ಮಾಡುತ್ತಿದ್ದೇನೆ. ನಮ್ಮ ಜಿಲ್ಲಾ ಪಂಚಾಯತಿಯ 2016ರ ಫಲಿತಾಂಶದ ಪಕ್ಕಕ್ಕೆ ಇಂಗ್ಲೆಂಡಿನ ಒಂದು ಡಿಸ್ಟ್ರಿಕ್ಟ್ ಕೌನ್ಸಿಲ್ ಫಲಿತಾಂಶ ಇಡೋಣ ಅಂದುಕೊಂಡೆ. ಒಂದು ವಾರ್ಡಿನ ಪಟ್ಟಿ ಹೀಗಿದೆ (ಅಂಕಿಗಳನ್ನು ಸುಲಭಕ್ಕೆ ದುಂಡಗೆ ಮಾಡಿದ್ದೇನೆ): ಮತದಾರರು 4,000, ಪೆಟ್ಟಿಗೆಗೆ ಬಿದ್ದ ಮತಪತ್ರ 1,400, ತಿರಸ್ಕೃತ 10. ಎ ಪಕ್ಷದ ಇಬ್ಬರಿಗೆ 640 ಮತ್ತು 580, ಬಿ ಪಕ್ಷದ ಇಬ್ಬರಿಗೆ 560 ಮತ್ತು 490, ಸಿ ಪಕ್ಷದ ಒಬ್ಬರಿಗೆ 250. ಕೂಡಿದರೆ 2,520! ಇನ್ನೊಂದು, ಅತಿ ಹೆಚ್ಚು ಸೀಟು ಗೆದ್ದ ಪಕ್ಷ ಇದ್ದರೂ ಕೆಳಗೆ "ನೋ ಓವರಾಲ್ ಕಂಟ್ರೋಲ್" ಎಂದು ಬರೆದಿರುತ್ತಾರಲ್ಲ, ಯಾಕೆ? "ಗೇನ್", "ಹೋಲ್ಡ್" ಯಾವುದಕ್ಕೆ ಹೋಲಿಸಿ ಹೇಳುವುದು?

ಸಿಂಧನೂರು_ಲೆಕ್ಕ
ಲೆಕ್ಕ ಸರಿ ಅದರಿ. ಆ ವಾರ್ಡಿಗೆ ಎರಡು ಸೀಟು, ಹಂಗಾಗಿ ಒಬ್ಬ ಮತದಾರಗ ಎರಡು ಮತ. ನಮ್ಮ ಗ್ರಾಮ ಪಂಚಾಯತಿ ವಾರ್ಡಿನ್ಯಾಗೂ ಇದೇ ಪದ್ಧತಿ, ಮೀಸಲಾತಿ ಒಂದು ಬಿಟ್ರ. ಅಲ್ಲಿ ಯಾವ ಸೀಟಿಗೂ ಮೀಸಲಾತಿ ಇಲ್ಲ, ಮ್ಯಾಲಿನ ಇಬ್ಬರು ಗೆದ್ದಂಗ.

1,400ರಾಗ 10 ತೆಗೀರಿ, 1,390. ಎರಡರಿಂದ ಗುಣಿಸಿದ್ರ 2,780 ಮತ ಬೀಳಬೇಕಿತ್ತು. ಬಿದ್ದದ್ದು 2,520. ಉಳಿದ 260, ಒಬ್ಬರಿಗಷ್ಟೇ ಗುರುತು ಹಾಕಿ ಎರಡನೇದು ಬಿಟ್ಟವರದು. ಒಂದೇ ಗುರುತು ಇದ್ರ ಮತಪತ್ರ ಊರ್ಜಿತ. ಮೂವರಿಗೆ ಹಾಕಿದ್ರ ಮಾತ್ರ ಇಡೀ ಚೀಟಿನೇ ತಿರಸ್ಕೃತ. ಗುರುತೇ ಇಲ್ಲದ್ದು, ಯಾರಿಗೆ ಹಾಕ್ಯಾರ ಅಂತ ತಿಳಿಯದ್ದು, ಹಾಕಿದವರ ಗುರುತು ಸಿಗುವಂಗ ಏನರ ಬರೆದದ್ದು, ಅಧಿಕೃತ ಗುರುತಿಲ್ಲದ್ದು, ಇವೂ ಅದೇ ಖಾನೆಗೆ.

ಮತದಾನ ಪ್ರಮಾಣ ತೆಗೆಯೋವಾಗ 2,520 ಮುಟ್ಟಬ್ಯಾಡ್ರಿ. 1,400 ಭಾಗಿಸು 4,000, ಅಂದ್ರ ಶೇ. 35. ಡಿಸ್ಟ್ರಿಕ್ಟ್ ಚುನಾವಣ್ಯಾಗ ಇಷ್ಟೇ ಸಾಮಾನ್ಯ. ನಮ್ಮ ಹಳ್ಳಿ ಚುನಾವಣಿ ನೋಡಿದವರಿಗೆ ಇದು ಮತದಾನ ಅನಿಸೂದೇ ಇಲ್ಲ, ಆ ಮಾತು ಬ್ಯಾರೆ.

ಪಕ್ಷದ ಶೇಕಡಾವಾರಿನ್ಯಾಗ ಭಾಳ ಮಂದಿ ಎಡವತಾರ. ಎಲ್ಲಾ ಮತ ಕೂಡಿಸಿ ತೆಗೆದ್ರ ಎ 48.4, ಬಿ 41.7, ಸಿ 9.9. ಸಿ ಒಬ್ಬರನ್ನೇ ನಿಲ್ಲಿಸಿದ್ದಕ್ಕ ಅದರ ಬಲ ಅರ್ಧ ಕಾಣತೈತಿ. ಪ್ರತಿ ಪಕ್ಷದ ಹೆಚ್ಚು ಮತ ಪಡೆದ ಒಬ್ಬರನ್ನಷ್ಟೇ ಹಿಡೀರಿ: 640, 560, 250, ಒಟ್ಟು 1,450. ಆಗ ಎ 44.1, ಬಿ 38.6, ಸಿ 17.2. ಯಾವ ವಿಧಾನ ಅಂತ ಟಿಪ್ಪಣ್ಯಾಗ ಬರೀರಿ.

ಗೆಲುವಿನ ಅಂತರಾನೂ 640ಕ್ಕೂ 560ಕ್ಕೂ ನಡುವಿನ 80 ಅಲ್ಲ. ಕಡೀಗೆ ಗೆದ್ದವರಿಗೂ ಮೊದಲು ಸೋತವರಿಗೂ ನಡುವಿನದು, 580 ಕಳೆ 560, ಬರೀ 20. ಒಂದೇ ಪಕ್ಷದ ಇಬ್ಬರ ನಡುವೆ 60-70 ಮತದ ಫರಕಿಗೆ ಒಳಜಗಳ ಹುಡುಕಬ್ಯಾಡ್ರಿ. ಮತಪತ್ರದಾಗ ಹೆಸರು ಅಡ್ಡಹೆಸರಿನ ಅಕ್ಷರಮಾಲೆ ಪ್ರಕಾರ ಇರತಾವ, ಮ್ಯಾಲಿನ ಹೆಸರಿಗೆ ನಾಕು ಮತ ಹೆಚ್ಚು ಬೀಳೂದು ಅಲ್ಲಿ ಹಳೇ ಕತಿ.

ಬಳ್ಳಾರಿ_ಕೋಟೆ
ನೋ ಓವರಾಲ್ ಕಂಟ್ರೋಲ್ ಎಂದರೆ ಯಾರಿಗೂ ಅರ್ಧಕ್ಕಿಂತ ಹೆಚ್ಚು ಸೀಟಿಲ್ಲ, ಅಷ್ಟೇ. ಸಫೋಕ್ ಕೌಂಟಿಯ ಮಿಡ್ ಸಫೋಕ್ ತೆಗೆದುಕೊಳ್ಳಿ. ಒಟ್ಟು 34 ಸದಸ್ಯರು, ಬಹುಮತಕ್ಕೆ 18. 2019ರಲ್ಲಿ ಕನ್ಸರ್ವೇಟಿವ್ 16 ಗೆದ್ದು ದೊಡ್ಡ ಪಕ್ಷವಾದರೂ ಹಣೆಪಟ್ಟಿ ಇದೇ. 2023ರ ಮೇನಲ್ಲಿ ಗ್ರೀನ್ ಪಾರ್ಟಿ 24 ಗೆದ್ದಿತು. ಆ ಪಕ್ಷಕ್ಕೆ ಒಂದು ಕೌನ್ಸಿಲ್‌ನಲ್ಲಿ ಸ್ವಂತ ಬಹುಮತ ಸಿಕ್ಕಿದ್ದು ಅದೇ ಮೊದಲು.

ಬಹುಮತವಿಲ್ಲದಿದ್ದರೆ ಮೇ ತಿಂಗಳ ವಾರ್ಷಿಕ ಸಭೆ ನೋಡಬೇಕು, ಆಡಳಿತ ನಡೆಸುವ ಲೀಡರ್ ಆಯ್ಕೆ ಅಲ್ಲೇ. ಅಲ್ಪಮತದ ಆಡಳಿತವೂ ನಡೆಯುತ್ತದೆ. ನಮ್ಮ ಮಹಾನಗರ ಪಾಲಿಕೆಯಲ್ಲಿ 39 ವಾರ್ಡ್, 2021ರಲ್ಲಿ ಕಾಂಗ್ರೆಸ್‌ಗೆ 21. ಆದರೆ ಇಲ್ಲಿ ಮೇಯರ್ ಚುನಾವಣೆಗೆ ಶಾಸಕ, ಸಂಸದರ ಮತವನ್ನೂ ಸೇರಿಸಿ ಎಣಿಸಬೇಕು. ಅಲ್ಲಿ ಎಂಪಿ ಆದ ಮಾತ್ರಕ್ಕೆ ಕೌನ್ಸಿಲ್‌ನಲ್ಲಿ ಮತವಿಲ್ಲ.

ಎಲ್ಲ ಕೌನ್ಸಿಲ್‌ಗಳೂ ನಾಲ್ಕು ವರ್ಷಕ್ಕೊಮ್ಮೆ ಪೂರ್ತಿ ಚುನಾವಣೆ ಮಾಡುವುದಿಲ್ಲ, ಇಲ್ಲೂ ಎಡವುತ್ತಾರೆ. ಕೇಂಬ್ರಿಜ್ ಸಿಟಿಯೂ ಕಾನೂನಿನ ಲೆಕ್ಕದಲ್ಲಿ ಡಿಸ್ಟ್ರಿಕ್ಟೇ. ಅಲ್ಲಿ 42 ಸೀಟು, 14 ವಾರ್ಡ್, ವಾರ್ಡಿಗೆ ಮೂವರು. ವರ್ಷಕ್ಕೆ ಮೂರನೇ ಒಂದರಂತೆ ಮೂರು ವರ್ಷ ಚುನಾವಣೆ, ನಾಲ್ಕನೆಯ ವರ್ಷ ಮೇಲಿನ ಹಂತದ ಕೌಂಟಿ ಕೌನ್ಸಿಲ್‌ಗೆ. ಒಂದು ಪಕ್ಷ ಆ ವರ್ಷದ 14ನ್ನೂ ಬಾಚಿಕೊಂಡರೂ ಬಹುಮತದ 22 ಆಗುವುದಿಲ್ಲ. ಆದ್ದರಿಂದ "ಈ ಸಲ ಗೆದ್ದದ್ದು" ಮತ್ತು "ಈಗ ಒಟ್ಟು" ಎರಡು ಕಾಲಂ ಬೇರೆಬೇರೆ ಇಡಿ.

ಗೇನ್ ಎಂದರೆ ಬೇರೆ ಪಕ್ಷದಿಂದ ಕಿತ್ತುಕೊಂಡದ್ದು, ಹೋಲ್ಡ್ ಎಂದರೆ ಉಳಿಸಿಕೊಂಡದ್ದು: ಸಾಮಾನ್ಯವಾಗಿ ಆ ಸೀಟಿಗೆ ಹಿಂದಿನ ಪೂರ್ಣ ಚುನಾವಣೆಯಲ್ಲಿ ಗೆದ್ದ ಪಕ್ಷಕ್ಕೆ ಹೋಲಿಕೆ. ಕೆಲವರು ನಡುವಿನ ಉಪಚುನಾವಣೆ, ಪಕ್ಷಾಂತರ ಸೇರಿಸಿ ಮತದಾನದ ಹಿಂದಿನ ದಿನದ ಬಲಕ್ಕೆ ಹೋಲಿಸುತ್ತಾರೆ. ಎರಡು ಕಡೆ ಪ್ಲಸ್-ಮೈನಸ್ ಬೇರೆ ಬಂದರೆ ಮೊದಲು ಇದನ್ನೇ ಅನುಮಾನಿಸಿ. ವಾರ್ಡ್ ಗಡಿ ಬದಲಾಗಿದ್ದರೆ ಗೇನ್ ಎಂಬುದೇ ಅಂದಾಜು. 2016ರ ಬಳ್ಳಾರಿ ಜಿಲ್ಲಾ ಪಂಚಾಯತಿ ಅಂಕಿಯಲ್ಲಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಸೇರಿವೆ, ಹರಪನಹಳ್ಳಿ ಆಗ ದಾವಣಗೆರೆಯಲ್ಲಿತ್ತು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಆ ಮೊತ್ತವನ್ನು ಈಗಿನ ಬಳ್ಳಾರಿಗೆ ನೇರ ಹೋಲಿಸಲು ಬರುವುದಿಲ್ಲ.

ಕೊಪ್ಪಳ_ಓದುಗ
ಶೇಕಡಾವಾರಿನದು ಹೊಳೆದೇ ಇರಲಿಲ್ಲ. ಮತ ಸಮ ಬಂದರೆ? ಫಲಿತಾಂಶ ಪ್ರಶ್ನಿಸಲು ಎಷ್ಟು ಗಡುವು?

ಮಾನ್ವಿ_ಟಪಾಲು
ಸಮ ಬಂದರೆ ಮೊದಲು ಮರುಎಣಿಕೆ. ಅಭ್ಯರ್ಥಿಯೋ ಏಜೆಂಟೋ ಕೇಳಬೇಕು, ಬೇಡಿಕೆ ಅಸಮಂಜಸ ಎನಿಸಿದರೆ ರಿಟರ್ನಿಂಗ್ ಆಫೀಸರ್ (ಚುನಾವಣಾಧಿಕಾರಿ) ನಿರಾಕರಿಸಬಹುದು. ಆಗಲೂ ಸಮವಿದ್ದರೆ ಚೀಟಿ ಎತ್ತುವುದೇ. ಚೀಟಿಯಲ್ಲಿ ಬಂದವರಿಗೆ ಒಂದು ಹೆಚ್ಚುವರಿ ಮತ ಸಿಕ್ಕಂತೆ ಎಂದು ಕಾನೂನು ಎಣಿಸುತ್ತದೆ. ಪ್ರಶ್ನಿಸಲು ಎಲೆಕ್ಷನ್ ಪಿಟಿಷನ್ (ಚುನಾವಣಾ ತಕರಾರು ಅರ್ಜಿ), ಸಾಮಾನ್ಯ ಗಡುವು 21 ದಿನ. ಖರ್ಚಿಗೆ ಭದ್ರತಾ ಠೇವಣಿ ಕೇಳುತ್ತಾರೆ, ಸ್ಥಳೀಯ ಚುನಾವಣೆಗೆ ಗರಿಷ್ಠ 2,500 ಪೌಂಡ್. ವಿಚಿತ್ರ ಅಂದರೆ ಸ್ಪರ್ಧಿಸಲು ಠೇವಣಿಯೇ ಇಲ್ಲ, ಹಾಗಾಗಿ "ಠೇವಣಿ ಕಳೆದುಕೊಂಡರು" ಎಂಬ ಸಾಲು ನಿಮ್ಮ ಟಿಪ್ಪಣಿಯಲ್ಲಿ ಬರಕೂಡದು.

ಹೋಲಿಕೆಯ ಜೋಡಿಯನ್ನೇ ಬದಲಿಸಿ ಎನ್ನುತ್ತೇನೆ. ಎರಡು ಹಂತ ಇರುವ ಕಡೆ ಶಾಲೆ, ರಸ್ತೆ, ವೃದ್ಧರ ಆರೈಕೆ ಕೌಂಟಿ ಕೈಯಲ್ಲಿವೆ. ಡಿಸ್ಟ್ರಿಕ್ಟ್ ಮಾಡುವುದು ಕಸ ಸಂಗ್ರಹ, ವಸತಿ, ಕಟ್ಟಡ ಯೋಜನೆಗೆ ಅನುಮತಿ, ಕೌನ್ಸಿಲ್ ಟ್ಯಾಕ್ಸ್ ವಸೂಲಿ. ಕೊಪ್ಪಳ ಜಿಲ್ಲಾ ಪಂಚಾಯತಿಯ ಪಕ್ಕ ಕೌಂಟಿಯನ್ನು ಕೂರಿಸಿ, ಡಿಸ್ಟ್ರಿಕ್ಟಿಗೆ ಗಂಗಾವತಿ ನಗರಸಭೆಯಂಥದ್ದು ಸರಿಹೋಗುತ್ತದೆ. ಇನ್ನೊಂದು, ಈ ಎರಡು ಹಂತವನ್ನೇ ತೆಗೆದು ಒಂದೇ ಕೌನ್ಸಿಲ್ ಮಾಡುವ ಯೋಜನೆಯನ್ನು ಅಲ್ಲಿನ ಸರ್ಕಾರ 2024ರ ಡಿಸೆಂಬರ್ ಶ್ವೇತಪತ್ರದಲ್ಲಿ ಪ್ರಕಟಿಸಿದೆ. ಆರಿಸಿದ ಡಿಸ್ಟ್ರಿಕ್ಟ್ ವಿಲೀನದ ಪಟ್ಟಿಯಲ್ಲಿದೆಯೇ ನೋಡಿಕೊಂಡು, ಫಲಿತಾಂಶದ ವರ್ಷವನ್ನು ಕೋಷ್ಟಕದ ತಲೆಯಲ್ಲೇ ಬರೆಯಿರಿ.