ಭೂಗೋಳ ವಿಭಾಗದ 'ಅತ್ಯುತ್ತಮ ವಿದ್ಯಾರ್ಥಿ'ಯನ್ನು ಹೇಗೆ ಆರಿಸುತ್ತೀರಿ? ಅಂಕ ಒಂದೇ ಸಾಕಾ?

ಹೊಳೆದಂಡೆ:

ಎಲ್ಲರಿಗೂ ನಮಸ್ಕಾರ. ನಾನು ವಿಶ್ವವಿದ್ಯಾಲಯವೊಂದರ ಭೂಗೋಳ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಪ್ರತಿವರ್ಷ ಕೊನೆಯ ವರ್ಷದವರಲ್ಲಿ ಒಬ್ಬರಿಗೆ ಪ್ರಶಸ್ತಿ ಕೊಡುತ್ತೇವೆ. ಇಲ್ಲಿಯವರೆಗೆ ಲೆಕ್ಕ ಸುಲಭವಿತ್ತು. ಯಾರ ಅಂಕ ಜಾಸ್ತಿಯೋ ಅವರ ಹೆಸರು ಕೂಗುವುದು, ಒಂದು ಫೋಟೊ, ಮುಗೀತು. ಈ ಸಲ ಆಯ್ಕೆ ಸಮಿತಿಗೆ ನನ್ನನ್ನೂ ಹಾಕಿದ್ದಾರೆ, ತಲೆನೋವು ಶುರುವಾಗಿದೆ.

ಕಾರಣ ಎರಡು ಫೀಲ್ಡ್ ನೋಟ್‌ಬುಕ್. ಹೊಳೆಯ ನೀರಿನ ವೇಗ ಅಳೆಯಲು ಕರೆದುಕೊಂಡು ಹೋಗಿದ್ದೆವು. ಹತ್ತು ಮೀಟರ್ ಗುರುತು ಮಾಡಿ, ಕಿತ್ತಳೆ ಸಿಪ್ಪೆ ತೇಲಿಬಿಟ್ಟು, ಎಷ್ಟು ಸೆಕೆಂಡಿಗೆ ದಾಟುತ್ತದೆ ಅಂತ ನೋಡುವ ಹಳೇ ವಿಧಾನ. ಅಂಕದಲ್ಲಿ ಮೊದಲಿರುವ ಹುಡುಗನ ಪುಸ್ತಕದಲ್ಲಿ ಮೂರು ಸಲವೂ 14 ಸೆಕೆಂಡ್. ಗೆರೆ ನೇರ, ಅಕ್ಷರ ಮುತ್ತು, ಒಂದು ತಿದ್ದೂ ಇಲ್ಲ. ಅಂಕದಲ್ಲಿ ಏಳನೆಯವಳೋ ಎಂಟನೆಯವಳೋ ಆಗಿರುವ ಇನ್ನೊಬ್ಬಳು ಬರೆದದ್ದು 14, 15, 22. ಆ 22ರ ಪಕ್ಕ ಪೆನ್ಸಿಲ್‌ನಲ್ಲಿ 'ಸಿಪ್ಪೆ ಜೊಂಡಿಗೆ ಸಿಕ್ಕಿಕೊಂಡಿತು, ಲೆಕ್ಕಕ್ಕೆ ತಗೊಂಡಿಲ್ಲ' ಅಂತ ಇದೆ. ಆಮೇಲೆ ಮೇಲಿನ ನೀರು ಒಳಗಿನದಕ್ಕಿಂತ ಬೇಗ ಓಡುತ್ತದೆ ಅಂತ ಸರಾಸರಿ ವೇಗವನ್ನು 0.85ರಿಂದ ಗುಣಿಸಿ, ಸೆಕೆಂಡಿಗೆ 0.59 ಮೀಟರ್ ಅಂತ ತಂದಿದ್ದಾಳೆ. ಪುಟದ ಮೂಲೆಯಲ್ಲಿ ಕೆಸರಿನ ಹೆಬ್ಬೆಟ್ಟು.

ಅವನಿಗೆ 20ಕ್ಕೆ 18. ಇವಳಿಗೆ 15, ಅಚ್ಚುಕಟ್ಟಾಗಿಲ್ಲ ಅಂತ. ಅಂಕ ಹಾಕಿದ್ದು ನಾನಲ್ಲ, ಆದರೆ ಕೆಲವು ವರ್ಷ ಹಿಂದಾಗಿದ್ದರೆ ನಾನೂ ಅಷ್ಟೇ ಹಾಕುತ್ತಿದ್ದೆನೇನೋ.

ನಿಮ್ಮ ವಿಭಾಗಗಳಲ್ಲಿ ಇದನ್ನು ಹೇಗೆ ಮಾಡುತ್ತೀರಿ? ಅಂಕ ಬಿಟ್ಟು ಬೇರೇನು ನೋಡಬೇಕು, ಅದನ್ನು ಜಗಳ ಬರದ ಹಾಗೆ ನೋಡುವುದು ಹೇಗೆ?

ಸ್ಕೇಲ್‌ಪಟ್ಟಿ:

ಸರ್, ಮೊದಲು ಒಂದು ಮಾತು. ಮೂರು ಸಲ 14 ಬರಲೇಬಾರದು ಅಂತೇನಿಲ್ಲ, ಪಾಪ ಹುಡುಗನಿಗೆ ನಿಜವಾಗಿಯೂ ಹಾಗೇ ಬಂದಿರಬಹುದು. ಕರೆದು ಕೇಳಿ. ನಮ್ಮಲ್ಲಿ ಈಗ ಅದನ್ನೇ ಮಾಡುತ್ತೇವೆ. ಅಂಕದಲ್ಲಿ ಮೇಲಿನ ಹತ್ತು ಜನರನ್ನು ತೆಗೆದುಕೊಂಡು, ಒಬ್ಬೊಬ್ಬರೂ ತಾವೇ ಮಾಡಿದ ಒಂದು ನಕ್ಷೆ ತರಬೇಕು ಅಂತ ಹೇಳುತ್ತೇವೆ. ಹತ್ತು ನಿಮಿಷ ಮಾತು. ನಾನು ಪ್ರತಿ ಸಲ ಕೇಳುವ ಪ್ರಶ್ನೆ ಒಂದೇ: ಈ ನಕ್ಷೆಯಲ್ಲಿ ನೀನು ಏನನ್ನು ಬಿಟ್ಟಿದ್ದೀಯ, ಯಾಕೆ ಬಿಟ್ಟೆ?

ಸುಮ್ನೆ ಸಾಫ್ಟ್‌ವೇರ್‌ನಲ್ಲಿ ಬಟನ್ ಒತ್ತಿ ತಂದವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಒಬ್ಬ ಜಿಲ್ಲಾವಾರು ರೋಗಿಗಳ ನಕ್ಷೆ ತಂದಿದ್ದ. ಬಣ್ಣ ಚೆನ್ನಾಗಿತ್ತು, ಉತ್ತರದ ಬಾಣ, ಸ್ಕೇಲು ಎಲ್ಲ ಇತ್ತು. ಆದರೆ ಒಟ್ಟು ರೋಗಿಗಳ ಸಂಖ್ಯೆಗೇ ಬಣ್ಣ ಹಾಕಿದ್ದ. ಜನ ಜಾಸ್ತಿ ಇರುವ ಜಿಲ್ಲೆ ಕಡುಗೆಂಪಾಗಿತ್ತು, ಅಷ್ಟೇ. ಅದು ರೋಗದ ನಕ್ಷೆಯಲ್ಲ, ಜನಸಂಖ್ಯೆಯ ನಕ್ಷೆ! ಅದೇ ವರ್ಷ ಇನ್ನೊಬ್ಬಳು ಲಕ್ಷ ಜನರಿಗೆ ಎಷ್ಟು ಅಂತ ಭಾಗಿಸಿ ತಂದಿದ್ದಳು, ನೋಡಲು ಸಪ್ಪೆ. ಜನ ಕಡಿಮೆ ಇರುವ ಒಂದು ಜಿಲ್ಲೆಯನ್ನು ತೋರಿಸಿ 'ಇಲ್ಲಿ ನಾಲ್ಕು ಕೇಸ್ ಹೆಚ್ಚಾದರೂ ಬಣ್ಣ ಬದಲಾಗುತ್ತದೆ, ಅದಕ್ಕೇ ಇದನ್ನು ಅಷ್ಟು ನಂಬಬೇಡಿ' ಅಂದಳು. ನಮ್ಮ ನಕ್ಷೆಯನ್ನೇ ನಂಬಬೇಡಿ ಅನ್ನುವವರು ಎಷ್ಟು ಜನ ಸಿಗುತ್ತಾರೆ ಹೇಳಿ? ಅವಳಿಗೇ ಕೊಟ್ಟೆವು.

ಅಂಕಕ್ಕೆ ಎಷ್ಟು ಪಾಲು, ಉಳಿದದ್ದಕ್ಕೆ ಎಷ್ಟು ಅನ್ನುವುದಕ್ಕೆ ಅಂತಾರಾಷ್ಟ್ರೀಯ ಭೂಗೋಳ ಒಲಿಂಪಿಯಾಡ್ ನೋಡಬಹುದು. 1996ರಲ್ಲಿ ಶುರುವಾದದ್ದು, 16ರಿಂದ 19 ವರ್ಷದವರಿಗೆ. ಅಲ್ಲಿ ಬರೆಯುವ ಪರೀಕ್ಷೆಗೆ 40, ಫೀಲ್ಡ್ ವರ್ಕ್‌ಗೆ 40, ಚಿತ್ರ ನೋಡಿ ಉತ್ತರಿಸುವ ಮಲ್ಟಿಮೀಡಿಯಾ ಪರೀಕ್ಷೆಗೆ 20. ಶಾಲೆ ಹುಡುಗರಿಗೇ ಫೀಲ್ಡ್‌ಗೆ 40 ಇಟ್ಟಿದ್ದಾರೆ, ನಾವು ಡಿಗ್ರಿಯಲ್ಲಿ ಟೂರ್ ರಿಪೋರ್ಟನ್ನು ತೂಕ ನೋಡಿ ಪಾಸ್ ಮಾಡುತ್ತೇವೆ.

ಹಿಂದಿನಬೆಂಚು:

ನಾನು ಒಪ್ಪಲ್ಲ. ಅಂಕದಲ್ಲಿ ದೋಷ ಇದೆ ಸರಿ, ಆದರೆ ಅದು ಎಲ್ಲರಿಗೂ ಕಾಣುವ ದೋಷ. ಸಮಿತಿ, ಮಾತುಕತೆ ಅಂತ ಶುರು ಮಾಡಿದರೆ ಮೇಷ್ಟ್ರ ಹಿಂದೆ ಮುಂದೆ ಓಡಾಡುವವರಿಗೇ ಮೆಡಲ್ ಹೋಗುತ್ತದೆ. ಚೆನ್ನಾಗಿ ಮಾತಾಡುವವರು ಗೆಲ್ಲುತ್ತಾರೆ, ಮೆತ್ತಗಿರುವವರು ಚಪ್ಪಾಳೆ ತಟ್ಟುತ್ತಾರೆ.

ನನಗೇ ಆಗಿದೆ, ಅದಕ್ಕೇ ಹೇಳುತ್ತಿದ್ದೇನೆ. ನಾಲ್ಕು ಜನರ ಪ್ರಾಜೆಕ್ಟ್. ಭೂಬಳಕೆ ನಕ್ಷೆಗೆ ಮೂರು ವಾರ ರಾತ್ರಿ ಕೂತು ಉಪಗ್ರಹ ಚಿತ್ರದಲ್ಲಿ ಗದ್ದೆ ಯಾವುದು, ಕೆರೆ ಯಾವುದು, ಮೋಡದ ನೆರಳು ಯಾವುದು ಅಂತ ಒಂದೊಂದೇ ಬಿಡಿಸಿದ್ದು ನಾನು. ನೆರಳನ್ನು ಕಂಪ್ಯೂಟರ್ ಕೆರೆ ಅಂದುಕೊಳ್ಳುತ್ತದೆ, ಅದನ್ನು ಕೈಯಲ್ಲೇ ತಿದ್ದಬೇಕು. ಕೊನೆಗೆ ವೇದಿಕೆ ಹತ್ತಿ ವಿವರಿಸಿದವನಿಗೆ ಬಹುಮಾನ. ನನ್ನ ಹೆಸರು ಕೊನೆಯ ಸ್ಲೈಡ್‌ನಲ್ಲಿ, ಥ್ಯಾಂಕ್ಸ್ ಅನ್ನುವುದರ ಕೆಳಗೆ.

ಇದೇನು ಹೊಸದಲ್ಲ ಬಿಡಿ. ಸಮುದ್ರತಳದ ನಕ್ಷೆ ಬರೆದ ಅಮೆರಿಕದ ಮೇರಿ ಥಾರ್ಪ್ ಕಥೆ ಗೊತ್ತಲ್ವಾ? ಆಗ ಹೆಂಗಸರನ್ನು ಸಂಶೋಧನಾ ಹಡಗಿಗೆ ಹತ್ತಿಸುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಬ್ರೂಸ್ ಹೀಜನ್ ಸಮುದ್ರದಿಂದ ಆಳದ ಲೆಕ್ಕ ತರುತ್ತಿದ್ದರು, ಈಕೆ ಮೇಜಿನ ಮುಂದೆ ಕೂತು ಗೆರೆ ಎಳೆಯುತ್ತಿದ್ದರು. 1952ರ ಹೊತ್ತಿಗೆ ಅಟ್ಲಾಂಟಿಕ್ ನಡುವಿನ ಪರ್ವತಸಾಲಿನ ಉದ್ದಕ್ಕೂ ಒಂದು ಸೀಳು ಕಣಿವೆ ಇದೆ ಅಂತ ಕಂಡುಹಿಡಿದರು. ಹೀಜನ್ ಅದನ್ನು ಹುಡುಗಿಯರ ಹರಟೆ ಅಂತ ತಳ್ಳಿಹಾಕಿದರು, ಆಮೇಲೆ ಭೂಕಂಪದ ಕೇಂದ್ರಗಳನ್ನು ಗುರುತಿಸಿದ ನಕ್ಷೆ ಜೊತೆ ಇಟ್ಟು ನೋಡಿದಾಗ ಅವೂ ಅದೇ ಗೆರೆ ಮೇಲೆ ಕೂತವು. ಇದರ ಬಗ್ಗೆ ಬಂದ 1956ರ ಪ್ರಬಂಧದಲ್ಲಿ ಲೇಖಕರಾಗಿ ಈಕೆಯ ಹೆಸರಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈಕೆಯನ್ನು ಶತಮಾನದ ಶ್ರೇಷ್ಠ ನಕ್ಷೆಕಾರರ ಸಾಲಿಗೆ ಸೇರಿಸಿದ್ದು 1997ರಲ್ಲಿ. ಲೆಕ್ಕ ಹಾಕಿ.

ಹಾಗಾಗಿ ಏನೇ ಮಾಡಿ, ಗುಂಪಿನ ಕೆಲಸವಾದರೆ ಯಾರು ಏನು ಮಾಡಿದರು ಅಂತ ಪ್ರತಿಯೊಬ್ಬರಿಂದಲೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ನಾಲ್ಕು ಚೀಟಿ ಪಕ್ಕಪಕ್ಕ ಇಟ್ಟರೆ ಸತ್ಯ ಗೊತ್ತಾಗುತ್ತದೆ.

ಮೋಡಮುಸುಕು:

ಕೊನೆಯ ವರ್ಷದ ವಿದ್ಯಾರ್ಥಿನಿ ನಾನು. ಹಿರಿಯರ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ.

ಸ್ಕೇಲ್‌ಪಟ್ಟಿ ಸರ್ ಫೀಲ್ಡ್‌ಗೆ 40 ಅಂದರಲ್ಲ, ಓದಲು ಚೆನ್ನಾಗಿದೆ. ಆದರೆ ನಾನು ಸಂಜೆ ಕೆಲಸಕ್ಕೆ ಹೋಗುತ್ತೇನೆ. ಐದು ದಿನದ ಟೂರ್ ಅಂದರೆ ಐದು ದಿನದ ಸಂಬಳ ಹೋಯಿತು, ಮೇಲೆ ಟೂರ್ ಖರ್ಚು ಬೇರೆ. ನನ್ನ ಗೆಳತಿಗೆ ಕಾಲಿನ ತೊಂದರೆ, ಗುಡ್ಡ ಹತ್ತಲು ಆಗಲ್ಲ. ಆದರೆ 30 ವರ್ಷದ ಮಳೆ ದಾಖಲೆಯನ್ನು ತಿಂಗಳುಗಟ್ಟಲೆ ಸರಿಮಾಡಿ, ಒಂದು ಕೇಂದ್ರದ ಮಾಪಕವನ್ನು ಯಾವುದೋ ವರ್ಷ ಬೇರೆ ಜಾಗಕ್ಕೆ ಎತ್ತಿಟ್ಟಿದ್ದಾರೆ ಅನ್ನುವುದನ್ನು ಅಂಕಿಗಳಲ್ಲೇ ಹಿಡಿದಳು. ಅಕ್ಕಪಕ್ಕದ ಕೇಂದ್ರಗಳಲ್ಲಿ ಏನೂ ಬದಲಾಗಿಲ್ಲ, ಇದೊಂದರಲ್ಲಿ ಮಾತ್ರ ಇದ್ದಕ್ಕಿದ್ದ ಹಾಗೆ ಮಳೆ ಕಡಿಮೆಯಾಗಿತ್ತು. ಇದೂ ಭೂಗೋಳವೇ ಅಲ್ವಾ?

ಒಬ್ಬರಿಗೇ ಯಾಕೆ ಕೊಡಬೇಕು ಅಂತಲೂ ಅರ್ಥವಾಗಲ್ಲ. ಗಾಮಾ ಥೀಟಾ ಅಪ್ಸಿಲಾನ್ ಅಂತ ಒಂದು ಭೂಗೋಳದ ಗೌರವ ಸಂಘ ಇದೆ, 1928ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಇಷ್ಟು ಕೋರ್ಸ್ ಮಾಡಿರಬೇಕು, ಇಷ್ಟು ಗ್ರೇಡ್ ಇರಬೇಕು ಅಂತ ಒಂದು ಮಟ್ಟ ಇಟ್ಟಿದ್ದಾರೆ. ಅದನ್ನು ಮುಟ್ಟಿದವರು ಐದು ಜನ ಇದ್ದರೆ ಐದೂ ಜನ ಸೇರಬಹುದು. ಒಬ್ಬರೇ ಗೆಲ್ಲಬೇಕು ಅಂತಿಲ್ಲ.

ಇನ್ನೊಂದು. ಮೊದಲ ವರ್ಷ ನಾನು ಕೈಯಲ್ಲಿ ಬರೆದ ಒಂದು ಕಾಂಟೂರ್ ನಕ್ಷೆಯನ್ನು (ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಜೋಡಿಸುವ ನಕ್ಷೆ) ಮೇಡಂ ಒಬ್ಬರು ಚೌಕಟ್ಟು ಹಾಕಿಸಿ ಲ್ಯಾಬ್ ಬಾಗಿಲ ಪಕ್ಕ ತೂಗುಹಾಕಿದರು, ಕೆಳಗೆ ನನ್ನ ಹೆಸರು. ಈಗಲೂ ಜೂನಿಯರ್‌ಗಳು ಬಂದು 'ಅಕ್ಕಾ, ಈ ಕಡಿದಾದ ಜಾಗದಲ್ಲಿ ಗೆರೆ ಮುಟ್ಟದ ಹಾಗೆ ಹೇಗೆ ಎಳೆದಿರಿ' ಅಂತ ಕೇಳುತ್ತಾರೆ. ನನಗೆ ಬಂದಿರುವ ಎರಡು ಸರ್ಟಿಫಿಕೇಟ್ ಯಾವ ಫೈಲಿನಲ್ಲಿವೆಯೋ ನೆನಪಿಲ್ಲ.

ಹೊಳೆದಂಡೆ:

ಎಲ್ಲರಿಗೂ ಥ್ಯಾಂಕ್ಸ್. ಮೋಡಮುಸುಕು, ಕ್ಷಮೆ ಯಾಕಮ್ಮ, ಟೂರಿಗೆ ಬರಲಾಗದವರ ವಿಷಯ ನನಗೆ ಹೊಳೆದೇ ಇರಲಿಲ್ಲ.

ನಿನ್ನೆ ಸಮಿತಿ ಸಭೆ ಆಯಿತು. ಅಂಕದ ಮೆಡಲ್ ಹಾಗೇ ಇರುತ್ತದೆ, ಅದನ್ನು ಮುಟ್ಟಲು ವಿಭಾಗದ ಮುಖ್ಯಸ್ಥರು ಒಪ್ಪಲಿಲ್ಲ. ಅದರ ಜೊತೆಗೆ ಕೆಲಸ ನೋಡಿ ಕೊಡುವ ಗೌರವ ಬೇರೆ. ನಕ್ಷೆ, ನೋಟ್‌ಬುಕ್, ಡೇಟಾ, ಏನು ತಂದರೂ ಸರಿ, ಹೆಸರು ಮುಚ್ಚಿ ನೋಡುತ್ತೇವೆ, ಆಮೇಲೆ ಹತ್ತು ನಿಮಿಷ ಪ್ರಶ್ನೆ. ಎಷ್ಟು ಜನರಿಗಾದರೂ ಕೊಡಬಹುದು, ಯಾರಿಗೂ ಕೊಡದೆಯೂ ಇರಬಹುದು. ಹಿಂದಿನಬೆಂಚು ಹೇಳಿದ ನಾಲ್ಕು ಚೀಟಿಯ ಉಪಾಯವೂ ಸೇರಿತು.

ಆ ಹುಡುಗನನ್ನು ಕರೆದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸರ್, ಒಂದೇ ಸಲ ಬಿಟ್ಟಿದ್ದು, ಬಸ್ ಹೊರಡುವ ಟೈಮ್ ಆಗಿತ್ತು' ಅಂದ. ಇಷ್ಟು ನೇರವಾಗಿ ಹೇಳುತ್ತಾನೆ ಅಂದುಕೊಂಡಿರಲಿಲ್ಲ. ಬಸ್ಸಿಗೆ ಅವಸರ ಮಾಡಿದ್ದು ನಾನೇ.

ಸ್ಕೇಲ್‌ಪಟ್ಟಿ:

ಮುಂದಿನ ಸಲ ಒಂದು ಗಂಟೆ ಬೇಗ ಹೊರಡಿ ಸರ್. ಸಿಪ್ಪೆ ಎರಡು ಜಾಸ್ತಿ ಇಟ್ಟುಕೊಳ್ಳಿ.